ಮಕ್ಕಳ ರಕ್ಷಣೆ: ಮನೆ, ಶಾಲೆ ಮತ್ತು ಪೋಲೀಸು ಠಾಣೆ

ಊರು ಎಂದಮೇಲೆ ಅದಕ್ಕೊಂದು ಕಾವಲು ಬೇಕು. ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಅಂದರೆ 1956ನೆಯ ಇಸವಿಯ ನವೆಂಬರ್ 1ರಂದು ಕೇರಳ ರಾಜ್ಯವು ಉದಯಿಸುವುದಕ್ಕೆ ಮುಂಚೆ, ಗ್ರಾಮದ ಪಟೇಲನೂ ಅವನ ಕೈಕೆಳಗಿನ ಉಗ್ರಾಣಿಯೂ ಈ ಕಾವಲಿನ ಮೊದಲ ಮೆಟ್ಟಿಲಾಗಿದ್ದರು. ಪಟೇಲನು ಊರಿನವನೇ. ಯಾರ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾವ ಮನೆಯ ಹುಡುಗನು ಶಾಲೆ ಬಿಟ್ಟು ಅಲೆಯುತ್ತಿದ್ದಾನೆ, ಹೊಸದಾಗಿ ಊರಿಗೆ ಬಂದವನು ಯಾರು ಎಂಬುದೆಲ್ಲ ಅವನಿಗೆ ತಿಳಿದಿರುತ್ತಿತ್ತು. ಆ ವ್ಯವಸ್ಥೆಯಲ್ಲಿ ಕುಂದುಕೊರತೆಗಳಿರಲಿಲ್ಲವೆಂದು ಹೇಳಲಾಗದು. ಉಳ್ಳವರ ಮನೆಯ ತಪ್ಪು ಮುಚ್ಚಿಹೋಗುವುದಕ್ಕೂ ಬಡವರ ದೂರು ಜಗಲಿಯಲ್ಲೇ ಉಳಿಯುವುದಕ್ಕೂ ಅಲ್ಲಿ ಆಸ್ಪದವಿತ್ತು. ಆದರೂ ಕಾಯುವವನಿಗೂ ಕಾಯಿಸಿಕೊಳ್ಳುವವನಿಗೂ ಮುಖಪರಿಚಯವಿತ್ತೆಂಬುದು ಅದರ ಒಂದು ದೊಡ್ಡ ಗುಣ.

ಇಂದು ಪಟೇಲನಿಲ್ಲ, ಉಗ್ರಾಣಿಯಿಲ್ಲ. ಠಾಣೆಯು ಮನೆಯಿಂದ ಎಷ್ಟೋ ದೂರದಲ್ಲಿದೆ. ಅಲ್ಲಿರುವ ಅಧಿಕಾರಿಯು ಬೇರೊಂದು ಜಿಲ್ಲೆಯಿಂದ ವರ್ಗವಾಗಿ ಬಂದವನಾಗಿರಬಹುದು. ಅವನ ಮಾತು ನಮ್ಮ ಮನೆಮಾತಲ್ಲದೆ ಇರಬಹುದು. ಇದರೊಂದಿಗೆ ನಾವೇ ಬೆಳೆಸಿಕೊಂಡು ಬಂದ ಒಂದು ಅಭ್ಯಾಸವೂ ಸೇರಿಕೊಂಡಿದೆ. ಅಳುವ ಮಗುವನ್ನು ಸುಮ್ಮನಿರಿಸಬೇಕಾದರೆ, ಊಟ ಮಾಡದ ಮಗುವಿಗೆ ತುತ್ತು ತಿನ್ನಿಸಬೇಕಾದರೆ, ಎಷ್ಟೋ ಮನೆಗಳಲ್ಲಿ ತಾಯಂದಿರೂ ಅಜ್ಜಿಯರೂ ಹೇಳುವ ಮಾತು ಒಂದೇ: “ಪೋಲೀಸರು ಬಂದು ಹಿಡಿದುಕೊಂಡು ಹೋಗುತ್ತಾರೆ, ನೋಡು!” ಮಗು ಆ ಗಳಿಗೆಗೆ ಸುಮ್ಮನಾಗುವುದೇನೋ ನಿಜ. ಆದರೆ ಅದೇ ಮಗು ನಾಳೆ ಕುಂಬಳೆಯ ರೈಲು ನಿಲ್ದಾಣದಲ್ಲಿಯೋ ಜಾತ್ರೆಯ ಗದ್ದಲದಲ್ಲಿಯೋ ತಂದೆಯ ಕೈತಪ್ಪಿ ನಿಂತಾಗ, ಎದುರಿಗೆ ಬರುವ ಖಾಕಿ ಉಡುಪನ್ನು ಕಂಡು ಅದರ ಹತ್ತಿರಕ್ಕೆ ಓಡುವುದೋ, ದೂರಕ್ಕೆ ಓಡಿ ಅವಿತುಕೊಳ್ಳುವುದೋ? ತಂದೆತಾಯಿಗಳು ಯೋಚಿಸಬೇಕಾದ ಪ್ರಶ್ನೆಯಿದು.

ಮಗುವಿನ ರಕ್ಷಣೆಗೆ ಕಾನೂನುಗಳು ಎಷ್ಟೇ ಇರಲಿ, ಅವೆಲ್ಲ ಚಲಿಸತೊಡಗುವುದು ಮಗು ಬಾಯಿಬಿಟ್ಟು ಹೇಳಿದ ಮೇಲೆಯೇ. ಹೇಳಬೇಕಾದರೆ ಕೇಳುವವರ ಪರಿಚಯ ಬೇಕು. ಅವರಲ್ಲಿ ನಂಬಿಕೆ ಬೇಕು. ಹೇಳಲು ತನ್ನದೇ ಆದ ಭಾಷೆಯೂ ಬೇಕು. ಈ ಮೂರನ್ನೂ ಒದಗಿಸುವ ಏರ್ಪಾಡುಗಳು ಈಗ ನಮ್ಮಲ್ಲಿವೆ. ಅವುಗಳನ್ನು ನಮ್ಮ ವಿದ್ಯಾರ್ಥಿಗಳೂ ಪೋಷಕರೂ ತಿಳಿದಿರಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯಲಾಗಿದೆ.

ಮನೆಬಾಗಿಲಿಗೆ ಬರುವ ಪೋಲೀಸರು

ಪೋಲೀಸರಿಗೂ ಜನರಿಗೂ ನಡುವಣ ಅಂತರವನ್ನು ಕಡಮೆ ಮಾಡುವ ಸಲುವಾಗಿ ಕೇರಳ ಸರಕಾರವು 2008ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ‘ಜನಮೈತ್ರಿ ಸುರಕ್ಷಾ ಯೋಜನೆ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಟಿ. ಥಾಮಸ್ ಅವರ ನೇತೃತ್ವದ ಆಯೋಗವು ಮಾಡಿದ ಶಿಫಾರಸುಗಳು ಇದಕ್ಕೆ ಆಧಾರ. ಮೊದಲು 20 ಠಾಣೆಗಳಲ್ಲಿ ಪ್ರಯೋಗಾರ್ಥವಾಗಿ ಕೈಗೊಂಡ ಈ ಕಾರ್ಯವು ಮುಂದೆ ಇತರ ಠಾಣೆಗಳಿಗೂ ಹಬ್ಬಿತು.

ಇದರ ತಿರುಳು ಸರಳವಾದುದು. ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣ ವಿಭಾಗಗಳಾಗಿ ಹಂಚಿ, ಸುಮಾರು 500 ಮನೆಗಳಿಗೆ ಒಬ್ಬರಂತೆ ಬೀಟ್ ಅಧಿಕಾರಿಯನ್ನು ನೇಮಿಸುತ್ತಾರೆ. ಆ ಅಧಿಕಾರಿಯು ತನ್ನ ಬೀಟಿನ ಮನೆಮನೆಗೂ ಹೋಗಿ, ಪ್ರತಿಯೊಂದು ಕುಟುಂಬದಲ್ಲಿ ಒಬ್ಬರನ್ನಾದರೂ ನೇರವಾಗಿ ಪರಿಚಯ ಮಾಡಿಕೊಂಡಿರಬೇಕು. ಒಂಟಿಯಾಗಿ ಬಾಳುವ ವೃದ್ಧರು ಎಲ್ಲಿದ್ದಾರೆ, ಮಕ್ಕಳು ನಡೆದುಹೋಗುವ ದಾರಿಯಲ್ಲಿ ಏನೇನು ತೊಂದರೆಗಳಿವೆ ಎಂಬುದನ್ನು ತಿಳಿದುಕೊಳ್ಳಬೇಕು. ಊರಿನ ನಾಗರಿಕರನ್ನು ಸೇರಿಸಿ ಠಾಣೆಯ ಮಟ್ಟದಲ್ಲಿ ಜನಮೈತ್ರಿ ಸುರಕ್ಷಾ ಸಮಿತಿಯೊಂದನ್ನು ರಚಿಸುತ್ತಾರೆ. ಸಮಿತಿಯ ಸಭೆಯಲ್ಲಿ ಊರಿನವರು ತಮ್ಮ ಅಹವಾಲುಗಳನ್ನು ಹೇಳಬಹುದು. ಪಟೇಲನಿಗಿದ್ದ ಮುಖಪರಿಚಯವನ್ನು, ಪಟೇಲಿಕೆಯ ದರ್ಪವನ್ನು ಬಿಟ್ಟು, ಮರಳಿ ಪಡೆಯುವ ಪ್ರಯತ್ನವಿದು ಎಂದರೆ ತಪ್ಪಾಗಲಾರದು.

ಆದರೆ ಪರಿಚಯವೆಂಬುದು ಒಂದು ಕೈಯ ಚಪ್ಪಾಳೆಯಲ್ಲ. ಬೀಟ್ ಅಧಿಕಾರಿಯು ಮನೆಗೆ ಬಂದಾಗ “ನಮ್ಮ ಮನೆಗೆ ಪೋಲೀಸರು ಬಂದರೆ ನೆರೆಹೊರೆಯವರು ಏನೆಂದುಕೊಂಡಾರು?” ಎಂದು ಸಂಕೋಚಪಟ್ಟು ಎರಡೇ ಮಾತಿನಲ್ಲಿ ಸಾಗಹಾಕುವ ಬದಲು, ಜಗಲಿಯಲ್ಲಿ ಕುಳ್ಳಿರಿಸಿ, ಮಕ್ಕಳನ್ನು ಕರೆದು, “ಇವರು ನಮ್ಮ ಊರಿನ ಪೋಲೀಸರು, ನಿನಗೆ ಏನಾದರೂ ಕಷ್ಟ ಬಂದರೆ ಇವರಿಗೆ ಹೇಳಬಹುದು” ಎಂದು ತೋರಿಸಿಕೊಡುವುದು ಮೇಲು. ಶಾಲೆಯ ದಾರಿಯಲ್ಲಿ ಕಟ್ಟೆಯಿಲ್ಲದ ಬಾವಿಯಿದ್ದರೆ, ಕೆಂಪುಕಲ್ಲು ತೆಗೆದು ಹಾಳುಬಿಟ್ಟ ಕೋರೆಯಲ್ಲಿ ಮಳೆಗಾಲದ ನೀರು ತುಂಬಿ ನಿಂತಿದ್ದರೆ, ಶಾಲಾವಠಾರದ ಸಮೀಪದಲ್ಲಿ ಮಾದಕ ವಸ್ತುಗಳ ಮಾರಾಟದ ಸಂಶಯವಿದ್ದರೆ, ಅದನ್ನು ಹೇಳುವುದಕ್ಕೆ ಅದೇ ಸಮಯ. ಅವಘಡವಾದ ಮೇಲೆ ಠಾಣೆಗೆ ಓಡುವುದಕ್ಕಿಂತ ಅವಘಡಕ್ಕೆ ಮುಂಚೆ ಎರಡು ಮಾತು ಹೇಳುವುದು ಎಷ್ಟೋ ಸುಲಭ.

ಶಾಲೆಯೊಳಗಿನ ಸ್ನೇಹ

ದೊಡ್ಡವರಿಗೆ ಜನಮೈತ್ರಿಯಿದ್ದಂತೆ ಮಕ್ಕಳಿಗೆ ವಿದ್ಯಾರ್ಥಿ ಪೋಲೀಸು ಕೆಡೆಟ್ ಯೋಜನೆಯಿದೆ. ಪಿ. ವಿಜಯನ್ ಎಂಬ ಐ. ಪಿ. ಎಸ್. ಅಧಿಕಾರಿಯ ಪ್ರಯತ್ನದಿಂದ ಕೊಚ್ಚಿಯಲ್ಲಿ ಅಂಕುರಿಸಿದ ಈ ಕಲ್ಪನೆಯು 2010ನೆಯ ಇಸವಿಯ ಆಗಸ್ಟ್ 2ರಂದು ಕೋಝಿಕ್ಕೋಡಿನಲ್ಲಿ ರಾಜ್ಯದ ಯೋಜನೆಯಾಗಿ ಉದ್ಘಾಟನೆಗೊಂಡಿತು. ಆರಂಭದಲ್ಲಿ ಇದಕ್ಕೆ ಸೇರಿದ ಶಾಲೆಗಳು 127. ಇದರ ಯಶಸ್ಸನ್ನು ಕಂಡು ಕೇಂದ್ರ ಸರಕಾರವು 2018ನೆಯ ಇಸವಿಯ ಜುಲೈ ತಿಂಗಳಲ್ಲಿ ಇಡೀ ದೇಶಕ್ಕೆ ಇದನ್ನು ವಿಸ್ತರಿಸಿತು.

ಈ ಯೋಜನೆಯಿರುವ ಶಾಲೆಗಳಲ್ಲಿ ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ಬಾಲಕ ಬಾಲಿಕೆಯರು ಎರಡು ವರ್ಷ ತರಬೇತಿ ಪಡೆಯುತ್ತಾರೆ. ಸಮೀಪದ ಠಾಣೆಯ ಸಿಬ್ಬಂದಿ ಕವಾಯತು ಕಲಿಸುತ್ತಾರೆ. ಶಾಲೆಯ ಅಧ್ಯಾಪಕರೇ ವಿಶೇಷ ಶಿಕ್ಷಣ ಪಡೆದು ಮಕ್ಕಳ ಮೇಲ್ವಿಚಾರಣೆಯನ್ನು ವಹಿಸುತ್ತಾರೆ. ಕವಾಯತು ಇದರ ಹೊರಮೈ ಮಾತ್ರ. ಸಂಚಾರದ ನಿಯಮಗಳು, ಕಾನೂನಿನ ಪ್ರಾಥಮಿಕ ಜ್ಞಾನ, ಮಾದಕ ವಸ್ತುಗಳ ಕೇಡು, ಪರಿಸರದ ರಕ್ಷಣೆ, ವಿಪತ್ತಿನ ಸಮಯದಲ್ಲಿ ನೆರವಾಗುವ ಬಗೆ ಮುಂತಾದ ವಿಷಯಗಳೇ ಇದರ ಒಳತಿರುಳು. ಪೋಲೀಸರನ್ನು ದಿನನಿತ್ಯ ಕಂಡು, ಅವರೊಡನೆ ನಕ್ಕು ಮಾತಾಡಿ ಬೆಳೆದ ಮಗುವಿಗೆ ಠಾಣೆಯ ಮೆಟ್ಟಿಲು ಭಯದ ಸ್ಥಳವಾಗುವುದಿಲ್ಲ.

2020ನೆಯ ಇಸವಿಯಲ್ಲಿ ಕೊರೋನಾ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿ, ಮಕ್ಕಳು ಮನೆಯೊಳಗೇ ಕುಳಿತು ಮನೋವ್ಯಥೆಗೆ ಗುರಿಯಾದಾಗ, ಕೇರಳ ಪೋಲೀಸರು ಇದೇ ಯೋಜನೆಯ ಆಶ್ರಯದಲ್ಲಿ ‘ಚಿರಿ’ ಎಂಬ ದೂರವಾಣಿ ಸೇವೆಯನ್ನು ತೆರೆದರು. ಚಿರಿಯೆಂದರೆ ಮಲೆಯಾಳದಲ್ಲಿ ನಗು. ಮನಸ್ಸಿನ ದುಗುಡವನ್ನು ಹೇಳಿಕೊಳ್ಳಬಯಸುವ ಮಕ್ಕಳು ಕರೆ ಮಾಡಿದರೆ, ತರಬೇತಿ ಪಡೆದ ಕೆಡೆಟ್‌ಗಳು ಗೆಳೆಯರಂತೆ ಕಿವಿಗೊಟ್ಟು ಕೇಳಿ, ಅಗತ್ಯವಿದ್ದಲ್ಲಿ ಮನಶ್ಶಾಸ್ತ್ರಜ್ಞರ ಬಳಿಗೆ ದಾರಿ ತೋರಿಸುತ್ತಿದ್ದರು. ಕಳ್ಳನನ್ನು ಹಿಡಿಯುವುದಷ್ಟೇ ಪೋಲೀಸರ ಕೆಲಸವೆಂಬ ಹಳೆಯ ಎಣಿಕೆಯನ್ನು ಇಂಥ ಸೇವೆಗಳು ತಿದ್ದಿವೆ.

ಅಪಾಯ ಬರುವ ದಾರಿ

ಮಕ್ಕಳಿಗೆ ಅಪಾಯವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವ ಚಿತ್ರವು ಗೋಣಿಚೀಲ ಹೊತ್ತ ಅಪರಿಚಿತನದು. ಈ ಚಿತ್ರವು ಎಷ್ಟು ಅನರ್ಥವನ್ನು ಮಾಡಬಲ್ಲುದೆಂಬುದಕ್ಕೆ 2018ನೆಯ ಇಸವಿಯ ಎರಡು ಘಟನೆಗಳೇ ಸಾಕ್ಷಿ. ಆ ವರ್ಷದ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾ ಎಂಬ ಹಳ್ಳಿಯಲ್ಲಿ, ಭಿಕ್ಷೆ ಬೇಡಿ ಜೀವಿಸುವ ಅಲೆಮಾರಿ ಸಮುದಾಯದ ಐವರನ್ನು ಮಕ್ಕಳ ಕಳ್ಳರೆಂದು ಶಂಕಿಸಿ ಜನರು ಬಡಿದು ಕೊಂದರು. ಅದೇ ತಿಂಗಳಲ್ಲಿ ನಮ್ಮ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಕಾರಣಕ್ಕಾಗಿ ಹೈದರಾಬಾದಿನಿಂದ ಬಂದ ತರುಣನೊಬ್ಬನು ಇಂಥದೇ ಗುಂಪಿಗೆ ಬಲಿಯಾದನು. ಎರಡು ಕಡೆಯೂ ಕಿಚ್ಚನ್ನು ಹಬ್ಬಿಸಿದುದು ಮೊಬೈಲ್ ಫೋನುಗಳಲ್ಲಿ ಹರಿದಾಡಿದ ಸುಳ್ಳು ಸುದ್ದಿ. ಸತ್ತವರಲ್ಲಿ ಯಾರೂ ಮಕ್ಕಳ ಕಳ್ಳರಾಗಿರಲಿಲ್ಲ. ಸಂಶಯ ಬಂದಾಗ 112ಕ್ಕೆ ಕರೆ ಮಾಡುವುದು ನಾಗರಿಕನ ಧರ್ಮ, ಕೈಯೆತ್ತುವುದು ಅಪರಾಧ, ಪರಿಶೀಲಿಸದೆ ಸುದ್ದಿಯನ್ನು ಮುಂದಕ್ಕೆ ಕಳುಹಿಸುವುದು ಆ ಅಪರಾಧಕ್ಕೆ ಸೌದೆ ಹೊರುವಂತಹ ಕೆಲಸ.

ನಿಜವಾದ ಅಪಾಯವು ಹೆಚ್ಚಾಗಿ ಬರುವುದು ಬೇರೆ ದಾರಿಯಿಂದ. ಮಕ್ಕಳ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಮಿಕ್ಕಿ ಆರೋಪಿಯು ಮಗುವಿಗೆ ಪರಿಚಿತನೇ ಆಗಿರುತ್ತಾನೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಕಛೇರಿಯು ಪ್ರಕಟಿಸುವ ವಾರ್ಷಿಕ ಅಂಕಿಅಂಶಗಳು ತೋರಿಸುತ್ತವೆ. ಅವನು ಬಂಧುವಾಗಿರಬಹುದು, ನೆರೆಮನೆಯವನಾಗಿರಬಹುದು, ಕುಟುಂಬದ ಮಿತ್ರನಾಗಿರಬಹುದು, ಮೊಬೈಲಿನ ಮೂಲಕ ಸ್ನೇಹ ಬೆಳೆಸಿದವನಾಗಿರಬಹುದು. ಆದಕಾರಣ “ಅಪರಿಚಿತರೊಡನೆ ಮಾತಾಡಬೇಡ” ಎಂಬ ಒಂದೇ ಉಪದೇಶ ಸಾಲದು. “ಯಾರೇ ಆಗಲಿ, ನಿನ್ನ ಮೈಯನ್ನು ನಿನಗೆ ಇಷ್ಟವಿಲ್ಲದಂತೆ ಮುಟ್ಟಿದರೆ, ಅದನ್ನು ಗುಟ್ಟಾಗಿಡು ಎಂದು ಹೇಳಿದರೆ, ಆ ಗುಟ್ಟನ್ನು ನೀನು ಕಾಪಾಡಬೇಕಾಗಿಲ್ಲ; ನಮಗೆ ಹೇಳು, ನಾವು ನಿನ್ನನ್ನು ಗದರಿಸುವುದಿಲ್ಲ” ಎಂಬ ಮಾತನ್ನು ಪ್ರತಿಯೊಂದು ಮಗುವೂ ತಂದೆತಾಯಿಗಳ ಬಾಯಿಂದ ಕೇಳಿರಬೇಕು. ಗಂಡುಮಕ್ಕಳೂ ಕೇಳಿರಬೇಕು, ಏಕೆಂದರೆ ಈ ಕೇಡಿಗೆ ಗಂಡು ಹೆಣ್ಣೆಂಬ ಭೇದವಿಲ್ಲ, ಕಾನೂನಿನ ರಕ್ಷಣೆಗೂ ಇಲ್ಲ.

ಹೇಳಿದ ಮೇಲೆ ಏನಾಗುತ್ತದೆ?

ಅನೇಕ ಪೋಷಕರು ದೂರು ಕೊಡಲು ಹಿಂಜರಿಯುವುದು ಕೋರ್ಟುಕಚೇರಿಗಳ ಅಲೆದಾಟಕ್ಕೂ ಲೋಕಾಪವಾದಕ್ಕೂ ಅಂಜಿ. ಈ ಅಂಜಿಕೆಯನ್ನು ಅರಿತೇ ನಮ್ಮ ಸಂಸತ್ತು 2012ನೆಯ ಇಸವಿಯಲ್ಲಿ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯಿದೆಯನ್ನು ರಚಿಸಿತು. ಪೋಕ್ಸೋ ಎಂದು ಎಲ್ಲರೂ ಕರೆಯುವ ಈ ಕಾಯಿದೆಯು ಅದೇ ವರ್ಷ ಮಕ್ಕಳ ದಿನವಾದ ನವೆಂಬರ್ 14ರಂದು ಜಾರಿಗೆ ಬಂದಿತು. ಹದಿನೆಂಟು ವರ್ಷ ತುಂಬದ ಎಲ್ಲರೂ ಇದರ ರಕ್ಷಣೆಗೆ ಒಳಪಟ್ಟವರು. ಇದರ ನಿಯಮಗಳಲ್ಲಿ ಪೋಷಕರು ನೆನಪಿಡಬೇಕಾದವು ಇವು:

ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ, ಇಲ್ಲವೆ ಅದು ಸಾಮಾನ್ಯವಾಗಿ ವಾಸಿಸುವ ಅಥವಾ ಇಷ್ಟಪಡುವ ಸ್ಥಳದಲ್ಲಿ ಬರೆದುಕೊಳ್ಳಬೇಕು. ಸಾಧ್ಯವಾದಷ್ಟು ಮಟ್ಟಿಗೆ, ಸಬ್ ಇನ್ಸ್‌ಪೆಕ್ಟರಿಗಿಂತ ಕೆಳಗಿನ ದರ್ಜೆಯವರಲ್ಲದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆ ಸಮಯದಲ್ಲಿ ಅಧಿಕಾರಿಯು ಪೋಲೀಸು ಸಮವಸ್ತ್ರವನ್ನು ಧರಿಸಿರಕೂಡದು. ತಂದೆತಾಯಿಗಳಾಗಲಿ ಮಗುವಿಗೆ ನಂಬಿಕೆಯಿರುವ ಬೇರೊಬ್ಬರಾಗಲಿ ಜೊತೆಯಲ್ಲಿರಬೇಕು. ಯಾವ ಕಾರಣಕ್ಕೂ ಮಗುವನ್ನು ರಾತ್ರಿಯ ವೇಳೆ ಠಾಣೆಯಲ್ಲಿ ಇರಿಸಿಕೊಳ್ಳಕೂಡದು. ಮಗುವಿನ ಹೆಸರು, ವಿಳಾಸ, ಭಾವಚಿತ್ರ, ಶಾಲೆ, ಕುಟುಂಬದ ವಿವರ ಇವಾವುವನ್ನೂ ಪತ್ರಿಕೆಗಳು ಪ್ರಕಟಿಸಕೂಡದು. ಪೋಲೀಸರು ವಿಷಯವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ನ್ಯಾಯಾಲಯದಲ್ಲಿಯೂ ಮಗುವನ್ನು ಆರೋಪಿಯ ಕಣ್ಣೆದುರಿಗೆ ನಿಲ್ಲಿಸುವಂತಿಲ್ಲ; ವಿಚಾರಣೆಯು ಮುಚ್ಚಿದ ಬಾಗಿಲುಗಳ ಹಿಂದೆ ನಡೆಯಬೇಕು; ಮಗುವನ್ನು ಮತ್ತೆ ಮತ್ತೆ ಕರೆಸಿ ಪೀಡಿಸಬಾರದು.

ಇನ್ನೊಂದು ಮಾತು. ಇಂಥ ಅಪರಾಧವು ನಡೆದುದನ್ನು ತಿಳಿದೂ ದೂರು ಕೊಡದೆ ಸುಮ್ಮನಿರುವುದು ಈ ಕಾಯಿದೆಯ ಪ್ರಕಾರ ತಾನೇ ಒಂದು ಅಪರಾಧ. ಅದಕ್ಕೆ ಆರು ತಿಂಗಳವರೆಗೆ ಸೆರೆವಾಸವನ್ನು ವಿಧಿಸಬಹುದು. ಬಂದ ದೂರನ್ನು ಬರೆದುಕೊಳ್ಳದ ಪೋಲೀಸು ಅಧಿಕಾರಿಗೂ ಇದೇ ಶಿಕ್ಷೆ. ಮಕ್ಕಳನ್ನು ಮಾತ್ರ ಈ ಹೊಣೆಯಿಂದ ಹೊರತುಪಡಿಸಲಾಗಿದೆ. “ಮನೆತನದ ಮರ್ಯಾದೆ” ಎಂಬ ನೆವದಿಂದ ಹಿರಿಯರು ಒಳಗೊಳಗೇ ರಾಜಿ ಮಾಡಿಸುವ ಪದ್ಧತಿಗೆ ಕಾನೂನಿನಲ್ಲಿ ಎಡೆಯಿಲ್ಲ. ಮರ್ಯಾದೆ ಹೋಗಬೇಕಾದುದು ತಪ್ಪು ಮಾಡಿದವನದು, ಮಗುವಿನದಲ್ಲ.

ಈ ಕೆಲಸಗಳಿಗಾಗಿಯೇ ನಿಯುಕ್ತರಾದ ಅಧಿಕಾರಿಗಳಿದ್ದಾರೆ. 2015ನೆಯ ಇಸವಿಯ ಬಾಲನ್ಯಾಯ ಕಾಯಿದೆಯ ಪ್ರಕಾರ ಪ್ರತಿಯೊಂದು ಠಾಣೆಯಲ್ಲಿಯೂ ಸಹಾಯಕ ಸಬ್ ಇನ್ಸ್‌ಪೆಕ್ಟರಿಗಿಂತ ಕಡಮೆಯಲ್ಲದ ದರ್ಜೆಯ ಒಬ್ಬರು ಮಕ್ಕಳ ಕಲ್ಯಾಣ ಪೋಲೀಸು ಅಧಿಕಾರಿಯಾಗಿರಬೇಕು. ಜಿಲ್ಲೆಗೊಂದು ವಿಶೇಷ ಬಾಲಪೋಲೀಸು ಘಟಕವಿರಬೇಕು. ಡೆಪ್ಯುಟಿ ಸೂಪರಿಂಟೆಂಡೆಂಟ್ ದರ್ಜೆಗೆ ಕಡಮೆಯಿಲ್ಲದ ಅಧಿಕಾರಿಯ ನೇತೃತ್ವದಲ್ಲಿ ಇಬ್ಬರು ಸಮಾಜ ಸೇವಕರು, ಅವರಲ್ಲಿ ಒಬ್ಬರು ಮಹಿಳೆ, ಅದರಲ್ಲಿರಬೇಕು. ತಪ್ಪು ಹಾದಿ ಹಿಡಿದ ಬಾಲಕನನ್ನಾದರೂ ಠಾಣೆಯ ಲಾಕಪ್ಪಿನಲ್ಲಿ ಹಾಕುವಂತಿಲ್ಲ. ಹಾಗಿರುವಾಗ ಊಟ ಮಾಡದ ಮಗುವನ್ನು ಪೋಲೀಸರು ಹಿಡಿದುಕೊಂಡು ಹೋಗುತ್ತಾರೆಂದು ಹೆದರಿಸುವುದು ಸುಳ್ಳಷ್ಟೇ ಅಲ್ಲ, ಕಾನೂನಿಗೂ ವಿರುದ್ಧವಾದ ಮಾತೆಂದು ಅಜ್ಜಿಯರು ಮನ್ನಿಸಿ ತಿಳಿಯಬೇಕು.

ಕನ್ನಡದಲ್ಲಿ ಹೇಳುವ ಹಕ್ಕು

ಇದುವರೆಗೆ ಹೇಳಿದುದು ದೇಶದ ಎಲ್ಲ ಮಕ್ಕಳಿಗೂ ಅನ್ವಯಿಸುವ ಸಂಗತಿ. ಗಡಿನಾಡಿನ ಕನ್ನಡ ಮಗುವಿಗೆ ಇದಲ್ಲದೆ ಇನ್ನೊಂದು ತೊಡಕಿದೆ, ಅದು ಭಾಷೆಯದು. ಕಾಸರಗೋಡು ಅನೇಕ ಭಾಷೆಗಳ ನಾಡು. ನಮ್ಮ ಶಾಲೆಗಳಲ್ಲಿ ಕಲಿಯುವ ಮಕ್ಕಳಲ್ಲಿ ಕೆಲವರ ಮನೆಮಾತು ತುಳು, ಕೆಲವರದು ಕೊಂಕಣಿ, ಮರಾಠಿ ಅಥವಾ ಬ್ಯಾರಿ. ಓದು ಬರಹದ ಭಾಷೆ ಕನ್ನಡ. ಠಾಣೆಯ ದಾಖಲೆಗಳ ಭಾಷೆಯಾದರೋ ಬಹುಮಟ್ಟಿಗೆ ಮಲೆಯಾಳ. ಸಂತೆಯಲ್ಲಿ ತೆಂಗಿನಕಾಯಿಯ ಬೆಲೆ ಕೇಳುವಷ್ಟು ಮಲೆಯಾಳ ನಮ್ಮ ಮಕ್ಕಳಿಗೆಲ್ಲ ಬರುತ್ತದೆ. ಆದರೆ ಎದೆಯೊಳಗಿನ ಭಯವನ್ನೂ ನಾಚಿಕೆಯನ್ನೂ ಬಿಡಿಸಿ ಹೇಳಲು ಆ ಮಟ್ಟಿನ ಭಾಷೆ ಸಾಲದು.

ಮಾತಿನ ಸಣ್ಣ ವ್ಯತ್ಯಾಸವೂ ಇಲ್ಲಿ ದೊಡ್ಡ ಪರಿಣಾಮವನ್ನುಂಟುಮಾಡಬಹುದು. ಉದಾಹರಣೆಗೆ ನಮ್ಮ ಮಕ್ಕಳು ‘ಮಾವ’ ಎಂದು ಸೋದರಮಾವನನ್ನೂ ಕರೆಯುತ್ತಾರೆ, ಅತ್ತೆಯ ಗಂಡನನ್ನೂ ಕರೆಯುತ್ತಾರೆ, ನೆರೆಮನೆಯ ಹಿರಿಯನನ್ನೂ ಕರೆಯುತ್ತಾರೆ. “ಮಾವ ಹೊಡೆದ” ಎಂದು ಮಗು ಹೇಳಿದರೆ ಯಾವ ಮಾವನೆಂದು ಕೇಳಿ ತಿಳಿಯಬಲ್ಲವರು ಬರೆದುಕೊಳ್ಳಬೇಕು. ಇಲ್ಲವಾದರೆ ನಿರಪರಾಧಿಯು ಸಿಕ್ಕಿಬಿದ್ದು ಅಪರಾಧಿಯು ತಪ್ಪಿಸಿಕೊಳ್ಳುವ ಸಂಭವವುಂಟು.

ಕಾನೂನು ಈ ತೊಡಕನ್ನು ಮರೆತಿಲ್ಲ. ಪೋಕ್ಸೋ ಕಾಯಿದೆಯ 19ನೆಯ ಪ್ರಕರಣವು, ಮಗುವಿನ ದೂರನ್ನು ಅದಕ್ಕೆ ಅರ್ಥವಾಗುವ ಸರಳ ಭಾಷೆಯಲ್ಲಿ ಬರೆದುಕೊಳ್ಳಬೇಕೆಂದೂ, ಮಗುವಿಗೆ ತಿಳಿಯದ ಭಾಷೆಯಲ್ಲಿ ಬರೆಯುತ್ತಿದ್ದರೆ ಅನುವಾದಕರನ್ನೋ ದುಭಾಷಿಯನ್ನೋ ಒದಗಿಸಬೇಕೆಂದೂ ವಿಧಿಸುತ್ತದೆ. ಹೇಳಿಕೆಯ ಸಮಯದಲ್ಲಿ ಅವರ ನೆರವನ್ನು ಪಡೆಯಲು 26ನೆಯ ಪ್ರಕರಣವೂ, ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯುವಾಗ ಪಡೆಯಲು 38ನೆಯ ಪ್ರಕರಣವೂ ಅವಕಾಶ ಕೊಡುತ್ತವೆ. ಅಂದರೆ ಠಾಣೆಯಿಂದ ನ್ಯಾಯಾಲಯದವರೆಗೆ ಮೂರು ಹಂತಗಳಲ್ಲಿಯೂ ಮಗುವು ಕನ್ನಡದಲ್ಲಿಯೇ ಮಾತಾಡಬಹುದು. ಇದಲ್ಲದೆ ನಮ್ಮ ಸಂವಿಧಾನದ 350ನೆಯ ಅನುಚ್ಛೇದದ ಮೇರೆಗೆ, ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಯಾವ ಪ್ರಜೆಯಾದರೂ ಯಾವ ಅಧಿಕಾರಿಗಾದರೂ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿಯನ್ನು ಸಲ್ಲಿಸಬಹುದು. ಕಾಸರಗೋಡಿನಲ್ಲಿ ಕನ್ನಡವು ಬಳಕೆಯ ಭಾಷೆಯೆಂಬುದಕ್ಕೆ ಈ ಸಂಚಿಕೆಯೇ ಸಾಕ್ಷಿ.

ಹೀಗಿರುವುದರಿಂದ, “ಕನ್ನಡದಲ್ಲಿ ಬರೆದುಕೊಳ್ಳಿರಿ, ಇಲ್ಲವೆ ದುಭಾಷಿಯನ್ನು ಕರೆಸಿರಿ” ಎಂದು ಕೇಳುವುದು ಉದ್ಧಟತನವಲ್ಲ, ಜಗಳವೂ ಅಲ್ಲ. ವಿನಯದಿಂದ, ಆದರೆ ಸಂಕೋಚವಿಲ್ಲದೆ ಕೇಳಬೇಕಾದ ಹಕ್ಕು ಅದು. ದೂರಿನ ಬರಹವನ್ನು ಓದಿಸಿ ಕೇಳಿ, ಅರ್ಥವಾದ ಮೇಲೆಯೇ ರುಜು ಹಾಕಬೇಕು. ಅದರ ಒಂದು ಪ್ರತಿಯನ್ನು ಯಾವ ಶುಲ್ಕವೂ ಇಲ್ಲದೆ ಪಡೆಯುವುದು ದೂರುದಾರನ ಅಧಿಕಾರ.

ಗಡಿ ದಾಟಿದಾಗ

ನಮ್ಮ ಊರುಗಳ ಜನಕ್ಕೆ ಮಂಗಳೂರು ದಿನನಿತ್ಯದ ಹಾದಿ. ಕಾಲೇಜಿಗೆ, ಆಸ್ಪತ್ರೆಗೆ, ವ್ಯಾಪಾರಕ್ಕೆ ತಲಪಾಡಿಯನ್ನು ದಾಟದ ದಿನವಿಲ್ಲ. ಮಂಜೇಶ್ವರದ ಬಾಲಕನೊಬ್ಬನು ಮಂಗಳೂರಿನಲ್ಲಿ ಕಾಣೆಯಾದರೆ ದೂರು ಎಲ್ಲಿ ಕೊಡಬೇಕು? ಈ ಪ್ರಶ್ನೆಗೆ ಉತ್ತರವು ಸ್ಪಷ್ಟವಾಗಿದೆ: ಹತ್ತಿರವಿರುವ ಯಾವ ಠಾಣೆಯಲ್ಲಾದರೂ ಸರಿ. 2024ನೆಯ ಇಸವಿಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣದ ಪ್ರಕಾರ, ಅಪರಾಧವು ಯಾವ ಪ್ರದೇಶದಲ್ಲಿ ನಡೆದಿದ್ದರೂ ಠಾಣೆಯವರು ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು. ಅನಂತರ ಅದನ್ನು ಸಂಬಂಧಪಟ್ಟ ಠಾಣೆಗೆ ಕಳುಹಿಸುವುದು ಅವರ ಹೊಣೆ.

ಮಗು ಕಾಣೆಯಾದಾಗ 24 ಗಂಟೆ ಕಾದು ನೋಡಬೇಕೆಂಬ ಒಂದು ತಪ್ಪು ಭಾವನೆ ಹಲವರಲ್ಲಿದೆ. ಅಂಥ ನಿಯಮವೇ ಇಲ್ಲ. ಕಾಣೆಯಾದ ಪ್ರತಿಯೊಂದು ಮಗುವಿನ ವಿಷಯದಲ್ಲಿಯೂ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ನೆಯ ಇಸವಿಯ ಮೇ 10ರಂದು ಆಜ್ಞಾಪಿಸಿದೆ. ಮೊದಲ ಗಂಟೆಗಳೇ ಅಮೂಲ್ಯವಾದವು. ಮಗುವಿನ ಇತ್ತೀಚಿನ ಭಾವಚಿತ್ರ, ತೊಟ್ಟಿದ್ದ ಬಟ್ಟೆಯ ಬಣ್ಣ, ಮೈಮೇಲಿನ ಗುರುತು, ಕೊನೆಯದಾಗಿ ಕಂಡ ಸ್ಥಳ ಮತ್ತು ಹೊತ್ತು, ಸ್ನೇಹಿತರ ಹೆಸರು ಇವುಗಳನ್ನು ಒಡನೆಯೇ ಒದಗಿಸಿದರೆ ಪೋಲೀಸರ ಕೆಲಸ ಹಗುರವಾಗುತ್ತದೆ.

ಬಾಯಿಪಾಠವಾಗಿರಬೇಕಾದ ಕೆಲವು ಸಂಖ್ಯೆಗಳಿವೆ. ಯಾವ ಆಪತ್ತಿಗಾದರೂ 112. ಮಕ್ಕಳ ಸಹಾಯವಾಣಿ 1098. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ಸೇವೆಯನ್ನು 2023ರಿಂದ ಸರಕಾರವೇ ವಹಿಸಿಕೊಂಡಿದೆ. ಇದಕ್ಕೆ ಮಗು ತಾನೇ ಕರೆ ಮಾಡಬಹುದು, ಮಗುವಿನ ಪರವಾಗಿ ಬೇರೆ ಯಾರೂ ಮಾಡಬಹುದು. ರೈಲಿನಲ್ಲಿ ತೊಂದರೆಯಾದರೆ 139. ಮೊಬೈಲು ಮುಂತಾದವುಗಳ ಮೂಲಕ ಹಣದ ಮೋಸವಾದರೆ 1930.

ಪೋಷಕರ ಪಾಲಿನ ಹೊಣೆ

ಪೋಲೀಸರಿಂದ ಬಯಸುವುದಕ್ಕೆ ಮುನ್ನ ಮನೆಯಲ್ಲಿ ಆಗಬೇಕಾದುದೂ ಇದೆ. ಒಂದೇ ಒಂದನ್ನು ಹೇಳುವುದಾದರೆ, ಹದಿನೆಂಟು ತುಂಬದ ಮಗನಿಗೆ ಬೈಕಿನ ಬೀಗದ ಕೈ ಕೊಡುವ ಅಕ್ಕರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವಾದರೆ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿಯು 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ. ದಂಡವನ್ನು ಕಟ್ಟಿ ಮುಗಿಸಬಹುದು; ಹೆದ್ದಾರಿಯಲ್ಲಿ ಬಿದ್ದ ಮಗನ ಕಾಲನ್ನು ಮರಳಿ ಪಡೆಯಲಾಗದು. ನಾಲ್ಕು ವರ್ಷ ಮೀರಿದ ಮಗು ಹಿಂದೆ ಕುಳಿತರೂ ಅದಕ್ಕೆ ಶಿರಸ್ತ್ರಾಣ ಬೇಕೆಂಬುದನ್ನೂ ಮರೆಯಬಾರದು.

ಇನ್ನು ಬೇಲಿಯೇ ಎದ್ದು ಹೊಲವನ್ನು ಮೇದರೆ ಕಾಯುವರಾರು ಎಂಬ ಪ್ರಶ್ನೆಯನ್ನು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಪೋಲೀಸರೂ ಮನುಷ್ಯರು, ಎಲ್ಲರೂ ಒಂದೇ ತೆರನಾಗಿರುವುದಿಲ್ಲ. ಠಾಣೆಯಲ್ಲಿ ದೂರನ್ನು ಸ್ವೀಕರಿಸದಿದ್ದರೆ ಅದನ್ನು ಬರೆದು ಅಂಚೆಯ ಮೂಲಕ ಜಿಲ್ಲಾ ಪೋಲೀಸು ಮುಖ್ಯಸ್ಥರಿಗೆ ಕಳುಹಿಸಬಹುದು. ಅಲ್ಲಿಯೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು. ಮಕ್ಕಳ ವಿಷಯವಾದರೆ ರಾಜ್ಯದ ಬಾಲಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು. ಬೇಲಿಯನ್ನು ಆಗಾಗ ನೋಡಿಕೊಳ್ಳುವ ಒಕ್ಕಲಿನ ಹೊಲವನ್ನು ಬೇಲಿ ಮೇಯುವುದು ಕಷ್ಟ. ಠಾಣೆಯ ಪರಿಚಯವಿಟ್ಟುಕೊಂಡ ಊರಿಗೆ ಠಾಣೆಯನ್ನು ಪ್ರಶ್ನಿಸುವ ಧೈರ್ಯವೂ ತಾನಾಗಿ ಬರುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಹೇಳಬೇಕಾದುದು ಸ್ವಲ್ಪ. ನಿಮ್ಮ ಪೂರ್ಣ ಹೆಸರು, ತಂದೆತಾಯಿಗಳ ಹೆಸರು, ಊರು, ಮನೆಯ ದೂರವಾಣಿ ಸಂಖ್ಯೆ ಇವು ನಿಮಗೆ ಮಗ್ಗಿಯಂತೆ ಬಾಯಿಗೆ ಬರಬೇಕು. ಕಷ್ಟ ಬಂದಾಗ ಮೊದಲು ಹೇಳಿದವರು ಕೇಳದಿದ್ದರೆ ಎರಡನೆಯವರಿಗೆ ಹೇಳಿರಿ; ಅವರೂ ಕೇಳದಿದ್ದರೆ ಮೂರನೆಯವರಿಗೆ. ತಾಯಿ, ಅಧ್ಯಾಪಕರು, ಪೋಲೀಸರು, 1098 ಇವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಗೆಳೆಯನೋ ಗೆಳತಿಯೋ ನಿಮ್ಮಲ್ಲಿ ಕಷ್ಟ ಹೇಳಿಕೊಂಡರೆ ನಗಬೇಡಿರಿ. ಜೊತೆಯಲ್ಲಿ ಹೋಗಿ ದೊಡ್ಡವರಿಗೆ ತಿಳಿಸಿರಿ.

ಪೋಷಕ ಮಹಾಶಯರಲ್ಲಿಯೂ ಅಧ್ಯಾಪಕ ಬಂಧುಗಳಲ್ಲಿಯೂ ಒಂದು ವಿನಂತಿ. ಮುಂದಿನ ರಕ್ಷಕ ಶಿಕ್ಷಕ ಸಂಘದ ಸಭೆಗೆ ನಮ್ಮ ಬೀಟ್ ಅಧಿಕಾರಿಯನ್ನೂ ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿಯನ್ನೂ ಆಹ್ವಾನಿಸೋಣ. ಅವರಿಗೆ ಕನ್ನಡ ಬಾರದಿದ್ದರೆ, ಅಗತ್ಯ ಬಿದ್ದಾಗ ದುಭಾಷಿಗಳಾಗಿ ಬರಬಲ್ಲ ಅಧ್ಯಾಪಕರ ಹೆಸರುಗಳನ್ನು ಬರೆದು ಠಾಣೆಗೆ ಕೊಟ್ಟಿರೋಣ. ಖರ್ಚಿಲ್ಲದ ಕೆಲಸವಿದು, ಒಂದು ಮಧ್ಯಾಹ್ನ ಸಾಕು. ಯಾವುದೋ ಒಂದು ರಾತ್ರಿ ಯಾವುದೋ ಒಂದು ಕನ್ನಡ ಮಗು ಆ ಠಾಣೆಯ ಬಾಗಿಲಲ್ಲಿ ನಿಂತು ತನ್ನ ಮಾತಿನಲ್ಲಿ ತನ್ನ ಕಷ್ಟವನ್ನು ಹೇಳಿದಾಗ, ಅದನ್ನು ತಿಳಿದು ಕೇಳುವ ಕಿವಿಯೊಂದು ಅಲ್ಲಿರಲಿ.